ಒಂದು ಕಡಲತೀರ, ಮೂರು ರಸ್ತೆಗಳು

ಎರಡನೆಯ ವರ್ಷದ ಪರೀಕ್ಷೆಯಲ್ಲಿ ನಮಗೆ ರೋಮನರ ರಸ್ತೆಗಳನ್ನು ಕುರಿತು ಹತ್ತು ಅಂಕಗಳ ಪ್ರಶ್ನೆಯೊಂದು ಬಂದಿತ್ತು. ನಾನು ಎರಡು ಪುಟ ತುಂಬ ಬರೆದೆ. ರೋಮನರು ಸಾಮ್ರಾಜ್ಯದ ಉದ್ದಗಲಕ್ಕೂ ಗಟ್ಟಿಮುಟ್ಟಾದ ರಸ್ತೆಗಳನ್ನು ಹಾಕಿಸಿದರು, ಅವುಗಳಿಂದ ವ್ಯಾಪಾರ ಬೆಳೆಯಿತು, ಶಾಂತಿ ನೆಲೆಸಿತು, ನಾಗರಿಕತೆ ಹರಡಿತು ಎಂದು ಬರೆದು, ಮುಖ್ಯ ಪದಗಳ ಕೆಳಗೆ ಅಡಿಗೆರೆಯನ್ನೂ ಎಳೆದೆ. ಒಳ್ಳೆಯ ಅಂಕಗಳೇ ಬಂದವು. ಆ ಉತ್ತರ ಪೂರ್ತಿ ತಪ್ಪೆಂದು ಈಗಲೂ ಹೇಳಲಾರೆ. ಆದರೆ ಅದಾದ ಮೇಲೆ ಅಂಥದೊಂದು ರಸ್ತೆಯ ಮೇಲೆ ಪ್ರಯಾಣ ಮಾಡುವ ಯೋಗ ನನಗೆ ಅನಿರೀಕ್ಷಿತವಾಗಿ ಒದಗಿತು. ಅಂದಿನಿಂದ ಆ ಎರಡು ಪುಟಗಳು ಮನಸ್ಸಿನಲ್ಲಿ ಚುಚ್ಚುತ್ತಲೇ ಇವೆ. ಗುರುಗಳು ಕ್ಷಮಿಸುವುದಾದರೆ ಅವನ್ನು ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ.

ಹೋದದ್ದು ವಿಹಾರಕ್ಕಲ್ಲ. ನನ್ನ ಭಾವ ದಕ್ಷಿಣ ಫ್ರಾನ್ಸಿನಲ್ಲಿ, ನೀಸ್ ನಗರದ ಪಶ್ಚಿಮಕ್ಕಿರುವ ಸೋಫಿಯಾ ಆಂಟಿಪೊಲಿಸ್ ಎಂಬಲ್ಲಿ ಕೆಲಸದಲ್ಲಿದ್ದಾರೆ. ಪೈನ್ ಮರಗಳ ಕಾಡಿನ ನಡುವೆ ಕಚೇರಿಗಳನ್ನು ಕಟ್ಟಿಕೊಂಡಿರುವ ಯಂತ್ರಜ್ಞರ ಊರು ಅದು. ಅಕ್ಕನಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಅಮ್ಮ ಹೋಗಲೇಬೇಕಾಯಿತು. ವಿಮಾನ ಬದಲಿಸುವ ಕಡೆ ಬೋರ್ಡು ಓದಿ ದಾರಿ ತೋರಿಸಲು ಅಮ್ಮನ ಜೊತೆಗೊಬ್ಬರು ಬೇಕಾದರು. ಹೀಗೆ ಭಾವನ ಖರ್ಚಿನಲ್ಲಿ, ಒಣಶುಂಠಿ, ಕಾಳುಮೆಣಸು, ಅಂಟಿನುಂಡೆಗಳ ಪೆಟ್ಟಿಗೆಯನ್ನು ಕಾಯುವ ಉದ್ಯೋಗದ ಮೇಲೆ ನಾನು ಮೆಡಿಟರೇನಿಯನ್ ಸಮುದ್ರವನ್ನು ಕಂಡೆ. ಆ ಕಾಳುಮೆಣಸಿನ ಮಾತು ಮುಂದೆ ಮತ್ತೊಮ್ಮೆ ಬರುತ್ತದೆ.

ಮಗುವಿಗೆ ಎರಡು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಭಾವ, “ಅತ್ತೆ, ನೀವು ಬಂದಾಗಿನಿಂದ ಅಡಿಗೆಮನೆ ಬಿಟ್ಟು ಹೊರಬಂದಿಲ್ಲ. ಇವತ್ತು ನಿಮ್ಮನ್ನು ಇಟಲಿಯ ಗಡಿಯವರೆಗೆ ಕರೆದುಕೊಂಡು ಹೋಗಿ ಬರುತ್ತೇನೆ” ಎಂದರು. ಅಕ್ಕನೂ ಒತ್ತಾಯ ಮಾಡಿದಳು. ಅಮ್ಮ ಮುಂದಿನ ಸೀಟಿನಲ್ಲಿ, ನಾನು ಹಿಂದೆ ನಕ್ಷೆ ಹಿಡಿದುಕೊಂಡು ಹೊರಟೆವು.

ನೀಸಿನಿಂದ ಪೂರ್ವಕ್ಕೆ, ಇಟಲಿಯ ಗಡಿಯಲ್ಲಿರುವ ಮೆಂತೋನ್ ಪಟ್ಟಣಕ್ಕೆ ಸುಮಾರು ೩೦ ಕಿಲೋಮೀಟರು. ಇಷ್ಟು ಅಲ್ಪ ದೂರಕ್ಕೆ ಒಂದರ ಮೇಲೊಂದರಂತೆ ಮೂರು ರಸ್ತೆಗಳಿವೆ. ಮೂರಕ್ಕೂ ‘ಕಾರ್ನಿಶ್’ ಎಂದೇ ಹೆಸರು: ಕೆಳಗಿನ ಕಾರ್ನಿಶ್, ನಡುವಿನ ಕಾರ್ನಿಶ್, ದೊಡ್ಡ ಕಾರ್ನಿಶ್. ಕಟ್ಟಡದ ಗೋಡೆಯ ಮೇಲ್ಭಾಗದಲ್ಲಿ ಹೊರಚಾಚಿಕೊಂಡಿರುವ ಅಂಚುಪಟ್ಟಿಗೆ ಆ ಮಾತು ಸಲ್ಲುತ್ತದೆ. ನಮ್ಮ ವಾಸ್ತುಗ್ರಂಥಗಳು ಕಪೋತವೆಂದು ಕರೆಯುವುದು ಅದನ್ನೇ. ಬೆಟ್ಟವೆಂಬ ಗೋಡೆಗೆ ಕಟ್ಟಿದ ಅಂಚುಪಟ್ಟಿಗಳಂತೆ ಈ ರಸ್ತೆಗಳು ಕಾಣುವುದರಿಂದ ಹೆಸರು ಅನ್ವರ್ಥವಾಗಿಯೇ ಇದೆ.

ಮೂರು ರಸ್ತೆ ಏಕೆ ಬೇಕಾಯಿತು? ನಕ್ಷೆಯನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಆಲ್ಪ್ಸ್ ಪರ್ವತಗಳ ದಕ್ಷಿಣದ ತುದಿ ಇಲ್ಲಿ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಬೆಟ್ಟಕ್ಕೂ ನೀರಿಗೂ ನಡುವೆ ಬಯಲೆಂಬುದೇ ಇಲ್ಲ. ಸುಣ್ಣಕಲ್ಲಿನ ಗೋಡೆಯನ್ನು ಮಳೆಯ ನೀರು ಕೊರೆದು ಉದ್ದಕ್ಕೂ ಕೊರಕಲುಗಳನ್ನು ಮಾಡಿದೆ. ಸಮುದ್ರದ ಮಟ್ಟದಲ್ಲಿ ರಸ್ತೆ ಮಾಡಬೇಕಾದರೆ ಪ್ರತಿಯೊಂದು ಕೊರಕಲಿಗೂ ಸೇತುವೆ ಕಟ್ಟಬೇಕು, ಪ್ರತಿಯೊಂದು ಚಾಚಿಗೂ ಬಂಡೆ ಒಡೆಯಬೇಕು. ಬೆಟ್ಟದ ನೆತ್ತಿಯ ಹತ್ತಿರ ಹೋದರೆ ಕೊರಕಲುಗಳು ಹುಟ್ಟುವ ಜಾಗವನ್ನೇ ಬಳಸಿಕೊಂಡು ಹೋಗಬಹುದು; ಏರುವ ಕಷ್ಟವೊಂದನ್ನು ಬಿಟ್ಟರೆ ಕಟ್ಟುವ ಕಷ್ಟ ಕಡಿಮೆ. ಆದ್ದರಿಂದಲೇ ಇಲ್ಲಿ ಅತ್ಯಂತ ಹಳೆಯ ದಾರಿ ಅತ್ಯಂತ ಎತ್ತರದಲ್ಲಿದೆ. ಉಳಿದರ್ಧ ಉತ್ತರ ನಕ್ಷೆಯಲ್ಲಿಲ್ಲ. ಯಾರು, ಯಾವ ಕಾಲದಲ್ಲಿ, ಯಾವ ಕೆಲಸಕ್ಕೆ ಈ ದಾರಿ ಹಿಡಿದರು ಎಂಬುದರಲ್ಲಿದೆ.

ನೀಸಿನ ಕಥೆಯೇ ಒಂದು ಲೇಖನಕ್ಕಾಗುವಷ್ಟಿದೆ. ಮಾರ್ಸೇಯ ಗ್ರೀಕರು ಸ್ಥಾಪಿಸಿದ ಊರದು. ಅದು ಶಾಶ್ವತವಾಗಿ ಫ್ರಾನ್ಸಿಗೆ ಸೇರಿದ್ದು ೧೮೬೦ರಲ್ಲಷ್ಟೇ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಇಟಲಿಯ ಏಕೀಕರಣಕ್ಕೆ ಫ್ರಾನ್ಸ್ ಮಾಡಿದ ಸಹಾಯಕ್ಕೆ ಪ್ರತಿಯಾಗಿ ಸಾರ್ಡಿನಿಯದ ರಾಜ ಅದನ್ನು ಬಿಟ್ಟುಕೊಟ್ಟ. ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿ ಹುಟ್ಟಿದ್ದು ೧೮೦೭ರಲ್ಲಿ ಇದೇ ನೀಸಿನಲ್ಲಿ. ದೇಶ ಒಂದಾಗುವಾಗ ಅವನ ಹುಟ್ಟೂರು ಹೊರಗುಳಿಯಿತು. ಆ ನೋವನ್ನು ಅವನು ಕೊನೆಗೂ ಮರೆಯಲಿಲ್ಲ. ಅಮ್ಮನಿಗೆ ಹಿಡಿಸಿದ್ದು ಮಾತ್ರ ಬೇರೊಂದು ಕಥೆ. ೧೫೪೩ರಲ್ಲಿ ತುರ್ಕರ ಮತ್ತು ಫ್ರೆಂಚರ ನೌಕಾಪಡೆಗಳು ಕೂಡಿ ನೀಸನ್ನು ಮುತ್ತಿದಾಗ ಕ್ಯಾಥರೀನ್ ಸೆಗ್ಯುರಾನ್ ಎಂಬ ಅಗಸಗಿತ್ತಿ ಬಟ್ಟೆ ಬಡಿಯುವ ಹಲಗೆಯಿಂದಲೇ ಶತ್ರುವಿನ ಬಾವುಟಗಾರನನ್ನು ಹೊಡೆದುರುಳಿಸಿದಳಂತೆ. ಅವಳು ನಿಜವಾಗಿ ಇದ್ದಳೋ ಇಲ್ಲವೋ, ಊರಿನವರು ಅವಳಿಗೆ ಸ್ಮಾರಕವನ್ನಂತೂ ಕಟ್ಟಿದ್ದಾರೆ. “ಕೈಗೆ ಸಿಕ್ಕಿದ್ದರಲ್ಲಿ ಹೊಡೆದಳು, ಸರಿಯಾಗಿಯೇ ಮಾಡಿದಳು” ಎಂದು ಅಮ್ಮ ತೀರ್ಪು ಕೊಟ್ಟರು.

ನಾವು ಮೊದಲು ಹಿಡಿದದ್ದು ಕೆಳಗಿನ ರಸ್ತೆಯನ್ನು. ಬಂದರನ್ನು ದಾಟಿ ಒಂದು ಗುಡ್ಡದ ಮೂಲೆ ತಿರುಗುತ್ತಲೇ ವಿಲ್‌ಫ್ರಾಂಶ್ ಕೊಲ್ಲಿ ಬಟ್ಟಲಿನಂತೆ ತೆರೆದುಕೊಂಡಿತು. ತೀರದ ಹತ್ತಿರವೇ ಬಹು ಆಳವಾದ ನೀರಿರುವುದರಿಂದ ದೊಡ್ಡ ದೊಡ್ಡ ಯಾತ್ರಿಕ ಹಡಗುಗಳು ಇಲ್ಲಿಗೆ ಬಂದು ಲಂಗರು ಹಾಕುತ್ತವೆ. ವಿಲ್‌ಫ್ರಾಂಶ್ ಎಂದರೆ ಸುಂಕವಿಲ್ಲದ ಊರು ಎಂದರ್ಥ. ೧೨೯೫ರಲ್ಲಿ ಪ್ರೊವಾನ್ಸಿನ ಒಡೆಯನಾದ ಆಂಜುವಿನ ಎರಡನೆಯ ಚಾರ್ಲ್ಸ್, ಕಡಲ್ಗಳ್ಳರಿಗೆ ಹೆದರಿ ಬೆಟ್ಟ ಸೇರಿದ್ದ ಜನರನ್ನು ಮತ್ತೆ ತೀರಕ್ಕೆ ಕರೆತರುವುದಕ್ಕಾಗಿ ಸುಂಕ ಮಾಫಿ ಮಾಡಿ ಈ ಊರನ್ನು ನೆಲೆಗೊಳಿಸಿದ. ಜನ ಬಂದರು, ಆದರೆ ಹೆದರಿಕೆಯನ್ನು ಜೊತೆಗೇ ತಂದರು. ಹಳೆಯ ಪೇಟೆಯಲ್ಲಿ ‘ಕತ್ತಲೆ ಬೀದಿ’ ಎಂಬುದೊಂದಿದೆ. ಸುಮಾರು ೧೩೦ ಮೀಟರು ಉದ್ದಕ್ಕೆ ಬೀದಿಯ ಮೇಲೆಯೇ ಮನೆಗಳನ್ನು ಕಟ್ಟಿದ್ದಾರೆ. ನಡೆಯುವವನ ತಲೆಯ ಮೇಲೆ ಕಮಾನುಗಳು, ಕಮಾನುಗಳ ಮೇಲೆ ಯಾರದೋ ಮನೆಯ ನೆಲ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಉಗ್ರಾಣದ ತಂಪು. ಮುತ್ತಿಗೆಯಾದಾಗ ಊರಿನವರೆಲ್ಲ ಇಲ್ಲಿ ಅಡಗುತ್ತಿದ್ದರು. ಬಂದರಿನ ದಡದಲ್ಲಿ ಬೆಸ್ತರು ಬಲೆಗಳನ್ನು ಇಡುತ್ತಿದ್ದ ಪುಟ್ಟ ಪ್ರಾರ್ಥನಾಮಂದಿರವೊಂದಿದೆ. ಕವಿ ಝಾನ್ ಕೊಕ್ಟೋ ೧೯೫೭ರಲ್ಲಿ ಅದರ ಗೋಡೆಗಳ ಮೇಲೆಲ್ಲ ಚಿತ್ರ ಬರೆದ.

ಅಲ್ಲಿಂದ ಮುಂದೆ ಬೋಲ್ಯೂ. ಅಲ್ಲಿ ತೆಯೊದೋರ್ ರೈನಾಕ್ ಎಂಬ ವಿದ್ವಾಂಸ ೧೯೦೨ರಿಂದ ೧೯೦೮ರವರೆಗೆ ಪ್ರಾಚೀನ ಗ್ರೀಕರ ಮನೆಯೊಂದನ್ನು ಬಾಗಿಲು ಕಿಟಕಿ ಪೀಠೋಪಕರಣಗಳ ಸಮೇತ ಕಟ್ಟಿಸಿ ಅದರಲ್ಲಿ ವಾಸಿಸಿದ. ನಮ್ಮ ಗಡಿಯಾರ ಅದಕ್ಕೆ ಅವಕಾಶ ಕೊಡಲಿಲ್ಲ. ಹೊರಗಿನಿಂದ ನೋಡಿ ಸಾಗಿದೆವು.

ಈ ಕೆಳಗಿನ ರಸ್ತೆಯ ಉದ್ದಕ್ಕೂ ರೈಲುಹಳಿ ಬಿಡದೆ ಜೊತೆಗೆ ಬರುತ್ತದೆ. ಇವೆರಡೂ ಒಂದೇ ಕಾಲದ ಮಕ್ಕಳು. ಎರಡಕ್ಕೂ ಮೊನಾಕೊವೇ ಕಾರಣ. ಮೊನಾಕೊ ಎಂದರೆ ಈಗ ಸುಮಾರು ಎರಡು ಚದರ ಕಿಲೋಮೀಟರಿನ ರಾಜ್ಯ. ೧೨೯೭ರಲ್ಲಿ ಫ್ರಾಂಸ್ವಾ ಗ್ರಿಮಾಲ್ದಿ ಎಂಬವನು ಸನ್ಯಾಸಿಯ ವೇಷದಲ್ಲಿ ಬಂದು ಅಲ್ಲಿನ ಕೋಟೆಯನ್ನು ಹಿಡಿದನೆಂದು ಹೇಳುತ್ತಾರೆ. ಈಗಲೂ ಆಳುವುದು ಆ ವಂಶದ ಹೆಸರಿನವರೇ. ಹಿಂದೆ ರಾಜ್ಯ ಇಷ್ಟು ಕಿರಿದಾಗಿರಲಿಲ್ಲ. ಮೆಂತೋನ್ ಮತ್ತು ರೋಕ್‌ಬ್ರೂನ್ ಊರುಗಳೂ ಅದಕ್ಕೆ ಸೇರಿದ್ದವು. ರಾಜ್ಯದ ಬಹುಪಾಲು ನೆಲ ಅವೇ. ನಿಂಬೆಹಣ್ಣಿನ ತೋಟಗಳಿದ್ದದ್ದೂ ಅಲ್ಲಿಯೇ. ದೊರೆಗಳು ಅಲ್ಲಿನ ಜನರ ಮೇಲೆ ತೆರಿಗೆಯ ಮೇಲೆ ತೆರಿಗೆ ಹೇರಿ, ತಿನ್ನುವ ರೊಟ್ಟಿಯನ್ನೂ ಗುತ್ತಿಗೆಗೆ ಕೊಟ್ಟರು. ೧೮೪೮ರಲ್ಲಿ ಎರಡೂ ಊರುಗಳು ತಿರುಗಿಬಿದ್ದು ಸ್ವತಂತ್ರವೆಂದು ಸಾರಿಕೊಂಡವು. ೧೮೬೧ರಲ್ಲಿ ಮೊನಾಕೊದ ದೊರೆ ತನ್ನ ಕೈತಪ್ಪಿದ್ದ ಆ ನೆಲದ ಹಕ್ಕನ್ನು ಫ್ರಾನ್ಸಿಗೆ ೪೦ ಲಕ್ಷ ಫ್ರಾಂಕುಗಳಿಗೆ ಮಾರಿದ. ಅದೇ ಒಪ್ಪಂದದಲ್ಲಿ ಒಂದು ಷರತ್ತಿತ್ತು: ನೀಸಿನಿಂದ ಮೊನಾಕೊಗೆ ಸಮುದ್ರದ ಪಕ್ಕದಲ್ಲಿ ಗಾಡಿ ಓಡುವಂಥ ರಸ್ತೆಯನ್ನು ಫ್ರಾನ್ಸ್ ಮಾಡಿಸಿಕೊಡಬೇಕು.

ತೆರಿಗೆ ಕೊಡುವ ತೋಟಗಳೆಲ್ಲ ಹೋದ ಮೇಲೆ ಬರಿಯ ಬಂಡೆಯ ಮೇಲೆ ಕುಳಿತ ದೊರೆಗೆ ವರಮಾನವೆಲ್ಲಿಂದ ಬರಬೇಕು? ಜೂಜಿನಿಂದ. ೧೮೬೩ರಲ್ಲಿ ಫ್ರಾಂಸ್ವಾ ಬ್ಲಾಂಕ್ ಎಂಬ ಚತುರ ವ್ಯಾಪಾರಿ ಅಲ್ಲಿನ ಜೂಜುಮನೆಯ ಯಜಮಾನಿಕೆ ವಹಿಸಿಕೊಂಡ. ೧೮೬೮ರಲ್ಲಿ ರೈಲು ಬಂತು. ಮರುವರ್ಷವೇ ದೊರೆ ಪ್ರಜೆಗಳ ನೇರ ತೆರಿಗೆಯನ್ನು ತೆಗೆದುಹಾಕಿದ. ಬೆಟ್ಟ ಹತ್ತಿ ಬೆವರು ಸುರಿಸಿ ಬರುವವನು ಜೂಜಾಡುವುದಿಲ್ಲ. ಆದ್ದರಿಂದ ದಾರಿ ಸಮತಟ್ಟಾಗಿರಬೇಕು, ಕಿಟಕಿಯಲ್ಲಿ ಕಡಲು ಕಾಣುತ್ತಿರಬೇಕು. ಕೆಳಗಿನ ರಸ್ತೆಯ ರಹಸ್ಯ ಇಷ್ಟೇ. ಇನ್ನೊಂದು ಸ್ವಾರಸ್ಯವೆಂದರೆ ಮೊನಾಕೊದ ಸ್ವಂತ ಪ್ರಜೆಗಳು ಆ ಜೂಜುಮನೆಯಲ್ಲಿ ಆಡಕೂಡದೆಂದು ನಿಷೇಧವಿದೆ. ಇದನ್ನು ಕೇಳಿದ ಅಮ್ಮ, “ಹಾಗಾದರೆ ಅದು ಕೆಟ್ಟದ್ದೆಂದು ಅವರಿಗೂ ಗೊತ್ತಿದೆ” ಎಂದರು. ಭಾವ ನಕ್ಕು ಗಾಡಿಯನ್ನು ಬೆಟ್ಟದ ಕಡೆ ತಿರುಗಿಸಿದರು.

ಅಲ್ಲಿಂದ ಹತ್ತಿ ನಡುವಿನ ರಸ್ತೆಗೆ ಸೇರಿ, ಸ್ವಲ್ಪ ದೂರ ಬಂದ ದಿಕ್ಕಿಗೇ, ಎಂದರೆ ಪಶ್ಚಿಮಕ್ಕೆ ಹಿಂದಿರುಗಿ, ಏಜ್ ಎಂಬ ಹಳ್ಳಿಗೆ ಹೋದೆವು. ಈ ಮೂರರಲ್ಲಿ ಕಿರಿಯ ರಸ್ತೆ ಇದೇ. ೧೯೧೦ರಲ್ಲಿ ಕೆಲಸ ಆರಂಭವಾಗಿ ೧೯೨೮ರಲ್ಲಿ ಮುಗಿಯಿತು. ಮೋಟಾರು ಬಂದು ಕೆಳಗಿನ ರಸ್ತೆ ಕಿಕ್ಕಿರಿದಾಗ, ಮೋಟಾರಿಗೆಂದೇ, ನೋಡುವ ಸುಖಕ್ಕೆಂದೇ ಇದನ್ನು ಮಾಡಿದರು. ಅಗಲವಾಗಿದೆ, ಏರು ಸೌಮ್ಯವಾಗಿದೆ, ಸುರಂಗಗಳಿವೆ. ಒಂದೊಂದು ಸುರಂಗದಿಂದ ಹೊರಬಿದ್ದಾಗಲೂ ಕೆಳಗೆ ನೀಲಿ ನೀರು, ಚಾಚಿಕೊಂಡ ಭೂಶಿರ, ಬಿಳಿಯ ದೋಣಿಗಳು. ಹಿಚ್‌ಕಾಕನ ೧೯೫೫ರ ಚಿತ್ರವೊಂದರಲ್ಲಿ ಗ್ರೇಸ್ ಕೆಲ್ಲಿ ಈ ಬೆಟ್ಟದ ರಸ್ತೆಗಳಲ್ಲಿ ವೇಗವಾಗಿ ಮೋಟಾರು ಓಡಿಸಿದ್ದಾಳೆ. ಮರುವರ್ಷ ಅವಳು ಮೊನಾಕೊದ ದೊರೆಯನ್ನು ಮದುವೆಯಾದಳು. ೧೯೮೨ರ ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ಇಳಿದು ಬರುವ ಕವಲು ರಸ್ತೆಯೊಂದರ ತಿರುವಿನಲ್ಲಿ ಅವಳ ಕಾರು ಉರುಳಿತು, ಮರುದಿನ ತೀರಿಕೊಂಡಳು. ಭಾವ ಇದನ್ನು ಹೇಳುತ್ತಿದ್ದಾಗಲೇ ಒಂದು ಕಡಿದಾದ ತಿರುವು ಬಂತು. “ಕಥೆ ಆಮೇಲೆ ಹೇಳಬಹುದು, ಈಗ ದಾರಿ ನೋಡಿ. ಇದೇನು ಆಗುಂಬೆ ಘಾಟಿಗೆ ಕಡಿಮೆಯಿಲ್ಲ” ಎಂದರು ಅಮ್ಮ.

ಏಜ್ ಹಳ್ಳಿ ಸಮುದ್ರದಿಂದ ೪೦೦ ಮೀಟರುಗಳಷ್ಟು ಎತ್ತರದ ಬಂಡೆಯೊಂದರ ತುದಿಗೆ ಅಂಟಿಕೊಂಡಿದೆ. ಇಂಥ ಬೆಟ್ಟದ ತುದಿಯ ಹಳ್ಳಿಗಳು ಈ ತೀರದಲ್ಲಿ ಅನೇಕ ಇವೆ. ನೀರಿಲ್ಲದ, ಹೊಲವಿಲ್ಲದ ಕಡೆ ಜನ ಸುಮ್ಮನೆ ಮನೆ ಕಟ್ಟುವುದಿಲ್ಲ. ಹತ್ತನೆಯ ಶತಮಾನದಲ್ಲಿ ಅರಬ್ಬಿ ದಾಳಿಕಾರರು ಪಶ್ಚಿಮಕ್ಕಿರುವ ಬೆಟ್ಟಗಳಲ್ಲಿ ನೆಲೆಯೂರಿ ಸುತ್ತಣ ನಾಡನ್ನು ಸೂರೆಮಾಡಿದರು. ಆಮೇಲೆ ಉತ್ತರ ಆಫ್ರಿಕದ ಕಡಲ್ಗಳ್ಳರು ಹತ್ತೊಂಬತ್ತನೆಯ ಶತಮಾನದ ಹೊಸ್ತಿಲವರೆಗೂ ಜನರನ್ನು ಹಿಡಿದು ಮಾರುತ್ತಿದ್ದರು. ಕಡಲಿಗೆ ಹತ್ತಿರವಿದ್ದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಇಲ್ಲಿನ ಹಳ್ಳಿಯವರು ಶತಮಾನಗಟ್ಟಲೆ ಸಮುದ್ರವನ್ನು ನೋಡಿದ್ದು ಅದರ ಸೊಬಗಿಗಾಗಿ ಅಲ್ಲ, ಯಾರ ಹಾಯಿ ಬರುತ್ತಿದೆಯೋ ಎಂಬ ಭಯದಿಂದ. ನಾವು ಇಂದು ಹಣ ಕೊಟ್ಟು ನೋಡುವ ‘ದೃಶ್ಯ’ ಅವರ ಕಾವಲು. ಹಳ್ಳಿಯ ನೆತ್ತಿಯ ಮೇಲಿದ್ದ ಕೋಟೆಯನ್ನು ೧೭೦೬ರಲ್ಲಿ ಹದಿನಾಲ್ಕನೆಯ ಲೂಯಿಯ ಸೈನಿಕರು ಕೆಡವಿದರು. ಆ ಹಾಳುಗೋಡೆಗಳ ನಡುವೆ ಈಗ ಒಂದು ತೋಟವಿದೆ. ಟಿಕೇಟು ಕೊಂಡು ಉಸಿರುಗಟ್ಟಿ ಮೇಲೆ ಹತ್ತಿ ನೋಡಿದರೆ ಅಲ್ಲಿರುವುದು ಕತ್ತಾಳೆ, ಪಾಪಾಸುಕಳ್ಳಿ! “ಇದನ್ನು ನೋಡಲು ದುಡ್ಡೇ? ನಮ್ಮೂರಿನ ಬೇಲಿಯಲ್ಲಿ ದನವೂ ಮುಟ್ಟುವುದಿಲ್ಲವಲ್ಲೋ” ಎಂದು ಅಮ್ಮ ಕುಳಿತುಬಿಟ್ಟರು. ವಾಸ್ತವವಾಗಿ ಅವೆರಡೂ ಅಮೆರಿಕ ಖಂಡದಿಂದ ಬಂದವು; ಅವರ ತೋಟಕ್ಕೂ ನಮ್ಮ ಬೇಲಿಗೂ ಅವು ಪರದೇಶಿಗಳೇ.

ಏಜಿನಿಂದ ಇನ್ನೂ ಮೇಲಕ್ಕೆ ಹತ್ತಿದರೆ ದೊಡ್ಡ ಕಾರ್ನಿಶ್. ಅಲ್ಲಲ್ಲಿ ೫೦೦ ಮೀಟರು ಎತ್ತರವನ್ನು ಮುಟ್ಟುತ್ತದೆ. ಈಗಿನ ರೂಪದಲ್ಲಿ ಇದನ್ನು ಮಾಡಿಸಿದವನು ನೆಪೋಲಿಯನ್. ಇಟಲಿಗೆ ಸೈನ್ಯವನ್ನೂ ಫಿರಂಗಿಗಳನ್ನೂ ಸಾಗಿಸಬೇಕಾಗಿತ್ತು. ಕೆಳಗೆ ಸಮುದ್ರದಲ್ಲಿ ಇಂಗ್ಲಿಷರ ನೌಕೆಗಳು ಕಾದಿದ್ದವು. ಅವನ ಇಂಜಿನಿಯರುಗಳು ಹೊಸ ಜಾಡನ್ನೇನೂ ಹುಡುಕಬೇಕಾಗಿರಲಿಲ್ಲ. ಅವನಿಗಿಂತ ೧೮೦೦ ವರ್ಷಗಳ ಹಿಂದೆಯೇ ಇನ್ನೊಬ್ಬ ಚಕ್ರವರ್ತಿ ಇದೇ ಬೆಟ್ಟದ ನೆತ್ತಿಯನ್ನು ಆರಿಸಿಕೊಂಡಿದ್ದ. ಕ್ರಿಸ್ತಪೂರ್ವ ೧೩ರಲ್ಲಿ ಅಗಸ್ಟಸ್ ಆರಂಭಿಸಿದ ‘ವಿಯಾ ಜೂಲಿಯಾ ಅಗಸ್ಟಾ’ ಎಂಬ ಹೆದ್ದಾರಿ ಉತ್ತರ ಇಟಲಿಯಿಂದ ಹೊರಟು ಈ ಬೆಟ್ಟಗಳನ್ನು ದಾಟಿ ಗಾಲ್ ದೇಶಕ್ಕೆ ಇಳಿಯುತ್ತಿತ್ತು. ಅದು ಈ ಭಾಗದಲ್ಲಿ ಮುಟ್ಟುವ ಎತ್ತರದ ಜಾಗವೇ ಲಾ ತ್ಯುರ್ಬಿ. ಇಟಲಿ ಮುಗಿದು ಗಾಲ್ ಆರಂಭವಾಗುವುದು ಇಲ್ಲಿಯೇ ಎಂದು ರೋಮನರು ಎಣಿಸುತ್ತಿದ್ದರು.

ಲಾ ತ್ಯುರ್ಬಿಯನ್ನು ದೂರದಿಂದಲೇ ಗುರುತಿಸಬಹುದು. ಊರಿನ ಹೆಂಚುಮಾಡುಗಳ ಮೇಲೆ ಮುರಿದ ದಂತದಂತೆ ಒಂದು ಬಿಳಿಯ ಕಟ್ಟಡ ನಿಂತಿದೆ. ಅದು ಅಗಸ್ಟಸನ ವಿಜಯಸ್ಮಾರಕ, ಕ್ರಿಸ್ತಪೂರ್ವ ೭–೬ರ ಹೊತ್ತಿನದು. ಚೌಕಾಕಾರದ ಪೀಠ, ಅದರ ಮೇಲೆ ದುಂಡಗೆ ಕಂಬಗಳ ಸಾಲು, ಅದರ ಮೇಲೆ ಗೋಪುರ, ತುದಿಯಲ್ಲಿ ಪ್ರತಿಮೆ; ಒಟ್ಟು ಸುಮಾರು ೫೦ ಮೀಟರು ಎತ್ತರವಿತ್ತಂತೆ. ಈಗ ಉಳಿದಿರುವುದು ೩೫ ಮೀಟರು. ಅದಕ್ಕೂ ಬಹಳ ಕಷ್ಟ ಬಂದಿದೆ. ಮಧ್ಯಯುಗದಲ್ಲಿ ಅದನ್ನು ಕೋಟೆ ಮಾಡಿಕೊಂಡರು. ೧೭೦೫ರಲ್ಲಿ ಹದಿನಾಲ್ಕನೆಯ ಲೂಯಿಯ ಅಪ್ಪಣೆಯಂತೆ ಮದ್ದು ಇಟ್ಟು ಸಿಡಿಸಿದರು. ಪೂರ್ತಿ ಬೀಳಲಿಲ್ಲ. ಬಿದ್ದ ಕಲ್ಲುಗಳನ್ನು ಹೊತ್ತುಕೊಂಡು ಹೋಗಿ ಊರಿನವರು ಮನೆ ಕಟ್ಟಿಕೊಂಡರು. ಪಕ್ಕದಲ್ಲಿರುವ ಹದಿನೆಂಟನೆಯ ಶತಮಾನದ ಸೇಂಟ್ ಮೈಕೇಲ್ ಚರ್ಚಿಗೂ ಕಲ್ಲು ಇಲ್ಲಿಂದಲೇ ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉತ್ಖನನ ನಡೆಯಿತು. ಎಡ್ವರ್ಡ್ ಟಕ್ ಎಂಬ ಅಮೆರಿಕನ್ ಧನಿಕನ ನೆರವಿನಿಂದ ಝೂಲ್ ಫಾರ್ಮಿಝೇ ಎಂಬ ವಾಸ್ತುಶಿಲ್ಪಿ ೧೯೩೦ರ ಆಸುಪಾಸಿನಲ್ಲಿ ಒಂದು ಭಾಗವನ್ನು ಮತ್ತೆ ಎತ್ತಿ ನಿಲ್ಲಿಸಿದ.

ಪೀಠದ ಪಶ್ಚಿಮದ ಮುಖದಲ್ಲಿ ಬೃಹತ್ತಾದ ಶಾಸನವಿದೆ. ನಾನು ಅದರ ಮುಂದೆ ನಿಂತು ಅಕ್ಷರಗಳನ್ನು ಕೂಡಿಸಿ ಓದಲು ಹೆಣಗುತ್ತಿದ್ದೆ. ಅಮ್ಮನಿಗೆ ಲ್ಯಾಟಿನ್ ಹಾಗಿರಲಿ, ಇಂಗ್ಲಿಷೂ ಬಾರದು. ಅವರು ಅಕ್ಷರಗಳನ್ನು ಬಿಟ್ಟು ಇಕ್ಕೆಲದ ಶಿಲ್ಪಗಳನ್ನು ನೋಡುತ್ತಿದ್ದರು. “ಇವರು ಯಾರು? ಕೈ ಕಟ್ಟಿಹಾಕಿದ್ದಾರೆ” ಎಂದರು. ಆಗ ನಾನು ನೋಡಿದೆ. ಒಂದು ಮರದ ಕಾಂಡಕ್ಕೆ ಸೋತವರ ಆಯುಧಗಳನ್ನು ನೇತುಹಾಕಿದೆ. ಅದರ ಬುಡದಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು, ಸೆರೆಯಾಳುಗಳು. “ಗಂಡಸು ಯುದ್ಧಕ್ಕೆ ಹೋಗಿದ್ದನೇನೋ. ಇವಳನ್ನು ಏಕೆ ಕಟ್ಟಿದರು?” ಎಂದು ಅಮ್ಮ ಮತ್ತೆ ಕೇಳಿದರು. ನನ್ನ ಹತ್ತು ಅಂಕಗಳ ಉತ್ತರದಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ.

ಶಾಸನದ ಆಶಯವಿಷ್ಟು: ಅಗಸ್ಟಸನ ನಾಯಕತ್ವದಲ್ಲಿ ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗಿನ ಆಲ್ಪ್ಸ್ ಜನರೆಲ್ಲ ರೋಮಿನ ಆಳ್ವಿಕೆಗೆ ಒಳಪಟ್ಟರು, ಅದರ ನೆನಪಿಗಾಗಿ ಸೆನೇಟೂ ರೋಮಿನ ಜನರೂ ಇದನ್ನು ನಿಲ್ಲಿಸಿದ್ದಾರೆ. ಅದರ ಕೆಳಗೆ ಸೋತ ಜನಾಂಗಗಳ ಹೆಸರು, ಒಟ್ಟು ೪೫. ತ್ರುಂಪಿಲಿನಿ, ಕಮುನ್ನಿ ಎಂದು ಆರಂಭವಾಗಿ ವೆಸುಬಿಯಾನಿ, ನೆಮತುರಿ, ಒರಾತೆಲ್ಲಿ, ನೆರುಸಿ ಎಂದು ಸಾಗುತ್ತದೆ. ಇವರಲ್ಲಿ ಹಲವರು ತಮ್ಮ ಬಗೆಗೆ ತಾವು ಒಂದಕ್ಷರವನ್ನೂ ಬರೆದಿಟ್ಟವರಲ್ಲ. ಅವರು ಇದ್ದರೆಂದು ನಮಗೆ ತಿಳಿಯುವುದು ಅವರನ್ನು ಸೋಲಿಸಿದವನ ಕಲ್ಲಿನಿಂದ.

ಆ ಕಲ್ಲೂ ಚೂರುಚೂರಾಗಿತ್ತು. ಮತ್ತೆ ಜೋಡಿಸಲು ಸಾಧ್ಯವಾದದ್ದು ಒಂದು ಪುಸ್ತಕದಿಂದ. ಕ್ರಿಸ್ತಶಕ ೭೯ರಲ್ಲಿ ವೆಸೂವಿಯಸ್ ಅಗ್ನಿಪರ್ವತ ಸಿಡಿದಾಗ ಸತ್ತ ಹಿರಿಯ ಪ್ಲಿನಿ ತನ್ನ ‘ನಿಸರ್ಗ ಚರಿತ್ರೆ’ಯ ಮೂರನೆಯ ಭಾಗದಲ್ಲಿ ಈ ಶಾಸನವನ್ನು ನಕಲು ಮಾಡಿಟ್ಟಿದ್ದ. ಅದನ್ನು ಮುಂದಿಟ್ಟುಕೊಂಡು ಒಂದೊಂದು ಚೂರನ್ನೂ ಅದರದರ ಸ್ಥಾನಕ್ಕೆ ಸೇರಿಸಿದರು. ಪ್ಲಿನಿಯ ಹೆಸರು ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅದೇ ಗ್ರಂಥದ ಆರನೆಯ ಭಾಗದಲ್ಲಿ ಅವನು ನಮ್ಮ ಪಶ್ಚಿಮ ಕರಾವಳಿಗೆ ಬರುವ ಹಡಗುಗಳ ದಾರಿಯನ್ನು ವಿವರಿಸಿದ್ದಾನೆ. ಮುಜಿರಿಸ್ ಬಂದರಿನ ನೆರೆಯಲ್ಲಿ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆಂದು ಎಚ್ಚರಿಸುತ್ತಾನೆ; ಈ ನಿತ್ರಿಯಾಸ್ ನೇತ್ರಾವತಿಯ ದಡದ ಮಂಗಳೂರು ಎಂಬುದು ಕೆಲವು ವಿದ್ವಾಂಸರ ಮತ. ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸ್ ನಾಣ್ಯಗಳಿಗೆ ಕಡಿಮೆಯಿಲ್ಲದೆ ಭಾರತ ನುಂಗುತ್ತಿದೆಯೆಂದು ಗೊಣಗುತ್ತಾನೆ. ಬರಿಯ ಖಾರಕ್ಕಾಗಿ ಜನ ಅಷ್ಟು ದೂರದಿಂದ ಮೆಣಸನ್ನು ತರಿಸಿಕೊಳ್ಳುವರಲ್ಲಾ ಎಂದು ಅಚ್ಚರಿಪಡುತ್ತಾನೆ. ನಮ್ಮ ಪೆಟ್ಟಿಗೆಯಲ್ಲಿದ್ದ ಮೆಣಸನ್ನು ಅವನು ಕಂಡಿದ್ದರೆ ಏನೆನ್ನುತ್ತಿದ್ದನೋ!

ಈ ಮೆಣಸೇ ನನ್ನ ಉತ್ತರದ ತಪ್ಪನ್ನು ನನಗೆ ತೋರಿಸಿದ್ದು. ಮೆಣಸು ರೋಮಿಗೆ ಬಂದದ್ದು ಹಡಗಿನಲ್ಲಿ, ಈಜಿಪ್ಟಿನ ದಾರಿಯಾಗಿ. ಎಣ್ಣೆ, ದ್ರಾಕ್ಷಾರಸ, ಧಾನ್ಯ ಮುಂತಾದ ಭಾರದ ಸರಕೂ ಆ ಕಾಲದಲ್ಲಿ ಸಾಧ್ಯವಿದ್ದ ಕಡೆಯೆಲ್ಲ ನೀರಿನ ಮೇಲೆಯೇ ಹೋಗುತ್ತಿತ್ತು. ಎತ್ತಿನ ಗಾಡಿಗಿಂತ ಹಡಗು ಬಹಳ ಅಗ್ಗ. ಕೆಳಗೆ ಕಡಲು ಇರುವಾಗ ಎಣ್ಣೆಯ ಕೊಡಗಳನ್ನು ೫೦೦ ಮೀಟರು ಎತ್ತರಕ್ಕೆ ಹತ್ತಿಸಿ ಮತ್ತೆ ಇಳಿಸುವ ಮೂರ್ಖ ವ್ಯಾಪಾರಿ ಯಾರಿದ್ದಾನು? ಬೆಟ್ಟದ ಮೇಲಿನ ದಾರಿ ಮೊದಲು ಬೇಕಾದದ್ದು ವ್ಯಾಪಾರಿಗೆ ಅಲ್ಲ, ದಂಡಿಗೆ ಮತ್ತು ದಂಡಿನ ಓಲೆಕಾರನಿಗೆ. ಬೆಟ್ಟದ ಜನರನ್ನು ಗೆದ್ದ ಮೇಲೆ ಅವರು ಮತ್ತೆ ತಲೆಯೆತ್ತದಂತೆ ನೋಡಿಕೊಳ್ಳಲು, ಇಟಲಿಯಿಂದ ಸ್ಪೇನಿನವರೆಗೆ ಅಡ್ಡಿಯಿಲ್ಲದೆ ಅಪ್ಪಣೆ ಸಾಗಲು ಅದನ್ನು ಮಾಡಿದರು. ದಾರಿಯ ನೆತ್ತಿಯಲ್ಲಿ ಸೆರೆಯಾಳುಗಳ ಶಿಲ್ಪವನ್ನು ನಿಲ್ಲಿಸಿದ್ದರ ಅರ್ಥವೂ ಅದೇ. ಹೋಗುವವರೆಲ್ಲ ನೋಡಲಿ ಎಂದು.

ಶಾಂತಿ ನೆಲೆಸಿತೆಂದು ನಾನು ಬರೆದದ್ದೂ ಸುಳ್ಳಲ್ಲ. ಕ್ರಿಸ್ತಶಕ ೬೩ರಲ್ಲಿ ನೀರೋ ಈ ಕಡಲಂಚಿನ ಆಲ್ಪ್ಸ್ ಜನರಿಗೆ ಲ್ಯಾಟಿನ್ ಹಕ್ಕನ್ನು, ಎಂದರೆ ಒಂದು ಬಗೆಯ ಅರೆಪೌರತ್ವವನ್ನು ಕೊಟ್ಟನೆಂದು ಟಾಸಿಟಸ್ ದಾಖಲಿಸಿದ್ದಾನೆ. ಸೋತವರ ಮರಿಮಕ್ಕಳು ಅದೇ ದಾರಿಯಲ್ಲಿ ಸಂತೆಗೆ ಹೋಗಿರಬೇಕು. ಆದರೆ ಮೊದಲನೆಯ ಮಾತನ್ನು ಬಿಟ್ಟು ಎರಡನೆಯದನ್ನಷ್ಟೇ ಬರೆದರೆ ಅದು ಅಗಸ್ಟಸನ ಸೆನೇಟು ಬರೆಯುತ್ತಿದ್ದ ಉತ್ತರ. ಅದನ್ನು ನಾನು ಏಕೆ ಬರೆಯಬೇಕಾಗಿತ್ತು? ವಿದ್ಯಾರ್ಥಿಮಿತ್ರರು ತಮ್ಮ ಟಿಪ್ಪಣಿಗಳಲ್ಲಿ ‘ವ್ಯಾಪಾರ’ದ ಮೇಲೆ ಒಂದು ಸಾಲು ಬಿಟ್ಟು ‘ಸೈನ್ಯ’ ಎಂದು ಬರೆದುಕೊಳ್ಳಬೇಕೆಂದು ನನ್ನ ಬಿನ್ನಹ.

ಲಾ ತ್ಯುರ್ಬಿಯಿಂದ ದೊಡ್ಡ ಕಾರ್ನಿಶ್ ಇಳಿಯುತ್ತ ರೋಕ್‌ಬ್ರೂನಿಗೆ ಬರುತ್ತದೆ. ಅಲ್ಲಿ ಕೆಳಗೆ, ರೈಲುಹಳಿಗೂ ಕಡಲಿಗೂ ನಡುವೆ, ಚಂಡೀಗಢವನ್ನು ಯೋಜಿಸಿದ ಲೆ ಕೊರ್ಬೂಸಿಯೆ ತನಗಾಗಿ ಕಟ್ಟಿಕೊಂಡ ಮರದ ಗುಡಿಸಲಿದೆ. ಅದು ನಾಲ್ಕು ಮೀಟರಿಗೂ ಕಡಿಮೆ ಅಗಲದ ಒಂದೇ ಕೋಣೆ. ೧೯೬೫ರ ಆಗಸ್ಟಿನಲ್ಲಿ ಅದರ ಎದುರಿನ ನೀರಿನಲ್ಲಿ ಈಜಲು ಇಳಿದವನು ಬದುಕಿ ಬರಲಿಲ್ಲ. ೨೦೧೬ರಲ್ಲಿ ಯುನೆಸ್ಕೊ ಅವನ ಕೃತಿಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಚಂಡೀಗಢದ ಭವ್ಯ ಸೌಧಗಳೂ ಈ ಗುಡಿಸಲೂ ಒಂದೇ ಪಟ್ಟಿಯಲ್ಲಿ ಸೇರಿದವು.

ಮೆಂತೋನ್ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ಹಿಂದಿನ ಬೆಟ್ಟಗಳು ಶೀತಗಾಳಿಯನ್ನು ತಡೆಯುವುದರಿಂದ ಇಲ್ಲಿ ನಿಂಬೆ ಚೆನ್ನಾಗಿ ಬೆಳೆಯುತ್ತದೆ. ೧೯೩೪ರಿಂದ ನಿಂಬೆಯ ಉತ್ಸವವೂ ನಡೆದುಬಂದಿದೆ. ಅಮ್ಮ ಅಂಗಡಿಯಲ್ಲಿ ಒಂದು ಹಣ್ಣನ್ನು ಕೈಯಲ್ಲಿ ಹಿಡಿದು, ಮೂಸಿ, “ಉಪ್ಪಿನಕಾಯಿಗೆ ಸಿಪ್ಪೆ ದಪ್ಪವಾಯಿತು” ಎಂದು ಇಟ್ಟುಬಿಟ್ಟರು. ಆಮೇಲೆ ಮನಸ್ಸು ಬದಲಾಯಿಸಿ ನಾಲ್ಕು ಕೊಂಡರು. ಮೂರು ರಸ್ತೆಗಳೂ ಇಷ್ಟರಲ್ಲಿ ಒಂದಾಗಿರುತ್ತವೆ. ಪಟ್ಟಣದಾಚೆ ಗಡಿಯ ಸೇತುವೆ. ೧೯೪೦ರ ಜೂನಿನಲ್ಲಿ ಮುಸೊಲಿನಿಯ ಸೈನ್ಯ ಈ ಗಡಿಯನ್ನು ದಾಟಿ ಮೆಂತೋನನ್ನು ಹಿಡಿಯಿತು. ೧೯೪೩ರವರೆಗೆ ಊರು ಇಟಲಿಯ ಕೈಯಲ್ಲಿತ್ತು. ಯುದ್ಧಾನಂತರದ ಯುರೋಪಿನಲ್ಲಿ ಕ್ರಮೇಣ ಗಡಿಯೆಂಬುದು ಬರಿಯ ಹಲಗೆಯಾಯಿತು. ೨೦೧೫ರಲ್ಲಿ ಆಫ್ರಿಕದಿಂದಲೂ ಪಶ್ಚಿಮ ಏಷ್ಯದಿಂದಲೂ ಬಂದ ನಿರಾಶ್ರಿತರು ಇಟಲಿಯ ಕಡೆಯ ಕಲ್ಲುಬಂಡೆಗಳ ಮೇಲೆ ವಾರಗಟ್ಟಲೆ ಕುಳಿತರು. ಅದೇ ವರ್ಷ ಫ್ರಾನ್ಸ್ ಮತ್ತೆ ತಪಾಸಣೆಯನ್ನು ಆರಂಭಿಸಿತು. ಅಂದಿನಿಂದ ಬೆಟ್ಟದ ಕಾಲುದಾರಿಗಳಲ್ಲಿ ರಾತ್ರಿ ನಡೆದು ಬರಲು ಹೋಗಿ ಬಿದ್ದು ಸತ್ತವರಿದ್ದಾರೆ.

ಅಮ್ಮನಿಗೆ ಇಟಲಿಯ ನೆಲವನ್ನು ಒಮ್ಮೆ ಮೆಟ್ಟಬೇಕೆಂಬ ಆಸೆ. ದಾಟಿ, ಹತ್ತು ನಿಮಿಷ ನಿಂತು, ಹಿಂದಿರುಗಿದೆವು. ಹೋಗುವಾಗ ಯಾರೂ ಕೇಳಲಿಲ್ಲ. ಬರುವಾಗ ಒಬ್ಬ ಅಧಿಕಾರಿ ಕೈಯೆತ್ತಿದ. ಮುಂದಿದ್ದ ಎರಡು ಕಾರುಗಳನ್ನು ಹಾಗೆಯೇ ಬಿಟ್ಟಿದ್ದನೆಂಬುದನ್ನು ನಾನು ಗಮನಿಸಿದೆ. ಭಾವನೂ ಗಮನಿಸಿರಬೇಕು, ಏನೂ ಹೇಳಲಿಲ್ಲ. ನನ್ನ ಎದೆ ಹೊಡೆದುಕೊಂಡಿತು. ಅಮ್ಮ ಮಾತ್ರ ಸೊಂಟದ ಚೀಲದಿಂದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರ ಮೇಲೆ ಕರವಸ್ತ್ರ ಕಟ್ಟಿದ್ದ ಪಾಸ್‌ಪೋರ್ಟನ್ನು ನಿಧಾನವಾಗಿ ಬಿಚ್ಚಿ ಕೊಟ್ಟರು. ಆತ ಒರಟಾಗಿಯೇನೂ ನಡೆದುಕೊಳ್ಳಲಿಲ್ಲ. ವೀಸಾ ನೋಡಿ, ಅಮ್ಮನ ಹೆಸರನ್ನು ತಡವರಿಸುತ್ತ ಗಟ್ಟಿಯಾಗಿ ಓದಿದ. ಅಮ್ಮ ಸರಿಯಾದ ಉಚ್ಚಾರಣೆಯನ್ನು ಹೇಳಿಕೊಟ್ಟರು. ಆತ ಇನ್ನೊಮ್ಮೆ ಪ್ರಯತ್ನಿಸಿ, ನಕ್ಕು, ಬಿಟ್ಟ. ರಸ್ತೆಯ ಪಕ್ಕದಲ್ಲಿ ಇಬ್ಬರು ಕರಿಯ ಹುಡುಗರು ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದರು. ನನ್ನ ವಯಸ್ಸಿನವರೇ ಇದ್ದಾರು. ಅವರ ಕೈಯಲ್ಲಿ ಯಾವ ಕಾಗದವೂ ಕಾಣಲಿಲ್ಲ.

ಹಿಂದಿರುಗುವಾಗ ಭಾವ ಈ ಮೂರರಲ್ಲಿ ಯಾವುದನ್ನೂ ಹಿಡಿಯದೆ ಹೊಸ ಹೆದ್ದಾರಿಯನ್ನು ಹಿಡಿದರು. ಸುರಂಗದಿಂದ ಸುರಂಗಕ್ಕೆ ಹಾರುವ ದಾರಿ ಅದು. ಅರ್ಧ ಗಂಟೆಯಲ್ಲಿ ನೀಸು ಬಂತು. ಅಮ್ಮ ನಿಂಬೆಹಣ್ಣುಗಳನ್ನು ಮಡಿಲಿನಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದರು. ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದ ಹೆಸರುಗಳನ್ನು ಭಾವನಿಗೆ ಒಂದೊಂದಾಗಿ ಓದಿ ಹೇಳುತ್ತಿದ್ದೆ. ‘ವೆಸುಬಿಯಾನಿ’ ಬಂದಾಗ ಅವರು ತಡೆದರು. “ವೆಸ್ಯೂಬಿ ಎಂಬ ಹೊಳೆಯಿದೆಯಲ್ಲ, ಮೇಲಿನ ಕಣಿವೆಯಲ್ಲಿ! ೨೦೨೦ರ ಅಕ್ಟೋಬರಿನಲ್ಲಿ ಭಾರಿ ಮಳೆ ಬಂದು ಮನೆಗಳೆಲ್ಲ ಕೊಚ್ಚಿಹೋದದ್ದು ಅಲ್ಲಿಯೇ” ಎಂದರು. ನೀಸಿನಾಚೆ ವಾರ್ ನದಿಯ ಅಗಲವಾದ ಸೇತುವೆಯ ಮೇಲೆ ಬಂದಿದ್ದೆವು. ವೆಸ್ಯೂಬಿ ಬಂದು ಸೇರುವುದು ಈ ನದಿಗೇ. ಭಾವ ವೇಗ ತಗ್ಗಿಸಲಿಲ್ಲ, ತಗ್ಗಿಸುವಂತೆಯೂ ಇರಲಿಲ್ಲ. ಕಿಟಕಿಯಿಂದ ಬಲಕ್ಕೆ ನೋಡಿದೆ. ಬಿಳಿಯ ಗುಂಡುಕಲ್ಲುಗಳ ನಡುವೆ ನೀರು ಸಣ್ಣಗೆ ಹರಿಯುತ್ತಿತ್ತು.